ಅಪ್ಪೆಮಿಡಿ: ಕಾಗದದ ಮಾನ್ಯತೆ, ಭರಣಿಯ ಹದ

9 ಮಾರ್ಚ್ 2025, ಭಾನುವಾರ

ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಕಡೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹೆಸರಾದ ಪರಿಮಳದ ಎಳೆ ಮಾವಿನಕಾಯಿ, ಕೊಯ್ಲಿನ ಕಾಲ. ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಹಾಕಿ ಮಾರುವ ರೈತ ಕುಟುಂಬಕ್ಕೆ ಸರ್ಕಾರದ ಮಾನ್ಯತೆ ಯಾವ ದಾರಿಯಲ್ಲಿ ಬರುತ್ತದೆ, ಯಾವುದಕ್ಕೆ ಬರುತ್ತದೆ ಎಂಬುದನ್ನು ಇವತ್ತು ಬರೆದಿಡುತ್ತಿದ್ದೇವೆ.

'ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತಿನ ನೋಂದಣಿ) ಇದೆಯಲ್ಲ, ಸಾಕು' ಎನ್ನುವವರೇ ಹೆಚ್ಚು. ಸಾಲದು. ಜಿಐ ಇರುವುದು ಕೃಷಿ ಉತ್ಪನ್ನವಾದ ಅಪ್ಪೆಮಿಡಿ ಮಾವಿಗೆ, ಭರಣಿಯೊಳಗಿನ ಉಪ್ಪಿನಕಾಯಿಗಲ್ಲ. ಆ ಮಾವಿಗೂ ಬೆಳೆಗಾರರು 'ಅಧಿಕೃತ ಬಳಕೆದಾರ' ಎಂದು ಚೆನ್ನೈನ ಜಿಐ ಕಚೇರಿಯಲ್ಲಿ ತಮ್ಮ ಹೆಸರು ನೋಂದಾಯಿಸಿಕೊಳ್ಳಬೇಕು. ಇದರ ಅರ್ಜಿ ಶುಲ್ಕ 500 ರೂಪಾಯಿ ಇದ್ದದ್ದನ್ನು 2020ರಲ್ಲಿ 10 ರೂಪಾಯಿಗೆ ಇಳಿಸಿದ್ದಾರೆ. ಇಷ್ಟು ಅಗ್ಗದ ಹಕ್ಕನ್ನು ಬಿಟ್ಟುಕೊಡಬಾರದು.

ಮನೆತನದವರು ಕಾಪಾಡಿಕೊಂಡು ಬಂದ ವಿಶೇಷ ಮರವಿದ್ದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ಅದನ್ನು ರೈತರ ತಳಿಯಾಗಿ ನೋಂದಾಯಿಸಬಹುದು. ಮರದ ಬೆಳೆಗೆ ರಕ್ಷಣೆ 18 ವರ್ಷ. ತಳಿ ಕಾಪಾಡಿದ ರೈತರಿಗೆ ಈ ಕಾಯ್ದೆಯಡಿಯ ಪ್ರಾಧಿಕಾರ ಪ್ರಶಸ್ತಿಯನ್ನೂ ಕೊಡುತ್ತದೆ. ಆದರೆ ಗೊರಟು ಊರಿ ಎಬ್ಬಿಸಿದ ಗಿಡದಲ್ಲಿ ತಾಯಿಮರದ ಜೀರಿಗೆ ಪರಿಮಳ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಅರ್ಜಿಗೆ ಮೊದಲು ಕಸಿ ಕಟ್ಟಿ ನಾಲ್ಕಾರು ಗಿಡ ಮಾಡಿಕೊಳ್ಳಿ. ಕೊಂಬೆಯನ್ನೇ ಕಡಿದುರುಳಿಸಿ ಮಿಡಿ ಬಿಡಿಸುವ ಚಾಳಿಯಿಂದ ಹೊಳೆದಂಡೆಯ ಎಷ್ಟೋ ಒಳ್ಳೆಯ ಮರಗಳು ಹಾಳಾಗಿವೆ. ಮರವೇ ಹೋದರೆ ನೋಂದಾಯಿಸುವುದು ಏನನ್ನು?

ಇನ್ನು ಭರಣಿಯ ಮಾತು. ಉಪ್ಪುನೀರಿನಲ್ಲಿ ಹಾಕಿದ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡಾ 12ಕ್ಕಿಂತ ಕಡಿಮೆಯಿರಬಾರದು ಎನ್ನುತ್ತದೆ ಆಹಾರ ಸುರಕ್ಷತಾ ನಿಯಮ. ಮಲೆನಾಡಿನ ಹಳೆಯ ಲೆಕ್ಕ ಇದಕ್ಕಿಂತ ಬಿಗಿ: 4 ಕಿಲೋ ಮಿಡಿಗೆ 1 ಕಿಲೋ ಹರಳುಪ್ಪು. ಅಂದರೆ ಒಟ್ಟು ತೂಕದಲ್ಲಿ ಶೇಕಡಾ 20. ಮಸಾಲೆ ಬೆರೆತ ಮೇಲೂ 17ರ ಹತ್ತಿರ ಉಳಿಯುತ್ತದೆ. 'ಉಪ್ಪು ಜಾಸ್ತಿಯಾಯ್ತು' ಎಂಬ ಗಿರಾಕಿಯ ಮಾತಿಗೆ ಉಪ್ಪು ಇಳಿಸಿದ ವರ್ಷವೇ ಮಿಡಿ ಮೆತ್ತಗಾಗುವುದು.

ಮಿಡಿಯನ್ನು ಗೊರಟು ಬಲಿಯುವ ಮೊದಲೇ, ನೆಲಕ್ಕೆ ಬೀಳಿಸದೆ, ಒಂದೆರಡು ಸೆಂಟಿಮೀಟರ್ ತೊಟ್ಟು ಉಳಿಸಿ ಕೊಯ್ಯಬೇಕು. ತೊಟ್ಟು ಕಿತ್ತುಬಂದರೆ ಸೊನೆ ಹರಿದುಹೋಗುತ್ತದೆ. ಪರಿಮಳವೂ ತಾಳಿಕೆಯೂ ಇರುವುದು ಆ ಸೊನೆಯಲ್ಲೇ. ಪೆಟ್ಟಾದ ಒಂದು ಮಿಡಿ ಸಾಕು, ಅಕ್ಕಪಕ್ಕದವನ್ನೂ ಕೆಡಿಸಲು. ಅಂಥವನ್ನು ಅಂದಿನ ಅಪ್ಪೆಹುಳಿಗೆ (ಮಾವಿನ ಹುಳಿ ಸಾರಿಗೆ) ತೆಗೆದಿಡಿ. ಉಳಿದವನ್ನು ತೊಳೆದು, ಒರೆಸಿ, ನೆರಳಲ್ಲಿ ಹರವಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕುತ್ತ ಬನ್ನಿ. ಪುಡಿ ಉಪ್ಪು ಬೇಡ. ಅದು ಗಂಟಾಗದಿರಲೆಂದು ಬೆರೆಸುವ ವಸ್ತುವಿನಿಂದ ಉಪ್ಪುನೀರು ಕದಡಿದಂತಾಗುತ್ತದೆ.

ದಿನಕ್ಕೊಮ್ಮೆ ಭರಣಿ ಅಲುಗಿಸಿ. ನೀರು ಬಿಟ್ಟ ಮೇಲೆ ಮಿಡಿ ತೇಲದಂತೆ ಶುಭ್ರವಾದ ಕಲ್ಲು ಹೇರಿ. ಬಿಳಿ ಬೂಷ್ಟು ಬರುವುದು ಮೇಲೆದ್ದು ಗಾಳಿಗೆ ತಾಗಿದ ಮಿಡಿಯಿಂದ. ಹತ್ತು-ಹದಿನೈದು ದಿನದಲ್ಲಿ ಮಿಡಿ ಚಿರುಟುತ್ತದೆ. ಆಗ ಮಿಡಿ ತೆಗೆದಿಟ್ಟು, ಉಪ್ಪುನೀರು ಕುದಿಸಿ, ನೊರೆ ತೆಗೆದು, ಸೋಸಿ, ರಾತ್ರಿಯಿಡೀ ಆರಲು ಬಿಡಿ. ಬೆಚ್ಚಗಿರುವಾಗಲೇ ಸುರಿದರೆ ಮಿಡಿ ಬೆಂದಂತಾಗುತ್ತದೆ, ಸಾಸಿವೆಯ ಘಾಟೂ ಹೋಗುತ್ತದೆ. 4 ಕಿಲೋ ಮಿಡಿಗೆ ಬ್ಯಾಡಗಿ ಮೆಣಸಿನಕಾಯಿ 400 ಗ್ರಾಂ, ಸಾಸಿವೆ 300 ಗ್ರಾಂ, ಅರಿಶಿನ 25 ಗ್ರಾಂ. ಇವನ್ನು ತಣ್ಣಗಾದ ಆ ಉಪ್ಪುನೀರಿನಲ್ಲೇ ನುಣ್ಣಗೆ ಬೀಸಿ. ಬೇರೆ ನೀರು ಒಂದು ಹನಿಯೂ ಸೇರಬಾರದು. ಮಿಡಿಯನ್ನು ಭರಣಿಗೆ ಮರಳಿ ಹಾಕಿ ಮಸಾಲೆ ಬೆರೆಸಿ, ಮಿಡಿ ಮುಳುಗುವಷ್ಟು ಮಸಾಲೆ ಬೇಕು. ಮೇಲೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹೊದಿಸಿ ಬಾಯಿ ಕಟ್ಟಿ.

ಮಾರುವವರು ಭರಣಿಗೊಂದು ಪುಟ ಬರೆದಿಡಲೇಬೇಕು: ಯಾವ ಮರ, ಕೊಯ್ದ ದಿನ, ಮಿಡಿ ಎಷ್ಟು, ಉಪ್ಪು ಎಷ್ಟು, ಮಸಾಲೆ ಬೆರೆಸಿದ ದಿನ. ಬ್ಯಾಚ್ ನಂಬರ್ ಈ ಪುಟದಿಂದಲೇ ಹುಟ್ಟಬೇಕು. ಲೇಬಲ್ಲಿನಲ್ಲಿ ಅದರ ಜೊತೆಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ, ನಿವ್ವಳ ತೂಕ, ತಯಾರಿಸಿದ ದಿನ, ತೂಕದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳು ಇರಬೇಕು. ಕಿರು ಆಹಾರ ಘಟಕಗಳಿಗೆಂದೇ ಇರುವ ಕೇಂದ್ರದ ಯೋಜನೆ ಪಿಎಂಎಫ್‌ಎಂಇಯ 35% ಸಹಾಯಧನದ ಸಾಲಕ್ಕೆ ಬ್ಯಾಂಕಿನ ಮುಂದೆ ಕೂತಾಗ 'ಅಜ್ಜಿಯ ಕಾಲದ ರುಚಿ' ಎಂಬ ಮಾತಿಗಿಂತ ಈ ಪುಟಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ಪ್ರತಿ ಭರಣಿಯಿಂದ ಒಂದು ಬಾಟಲಿ ಮಾರದೆ ತೆಗೆದಿಡಿ. ಮಳೆಗಾಲ ಕಳೆದ ಮೇಲೆ ಅದನ್ನು ಬಿಚ್ಚಿ, ತೊಟ್ಟು ಹಿಡಿದು ಒಂದು ಮಿಡಿ ಕಚ್ಚಿ ನೋಡಿ. ಕರುಂ ಎನ್ನಬೇಕು.