ಪ್ಲೇಟ್ ಬದಲಿಸುವ ಮುಂಚೆ ಬುಶ್ ನೋಡಿ: ತೋಟದ ಜೀಪಿನ ಸಸ್ಪೆನ್ಷನ್

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟದ ಮಹೀಂದ್ರಾ ಎಂಎಂ 540 ಜೀಪು, ಕೊಡಚಾದ್ರಿ ಹತ್ತುವ ಬಾಡಿಗೆ ಜೀಪು, ಹವ್ಯಾಸಕ್ಕೆ ಇಟ್ಟುಕೊಂಡ ಜಿಪ್ಸಿ, ಎಲ್ಲದರ ಅಡಿಯಲ್ಲೂ ಇರುವುದು ಒಂದೇ ಏರ್ಪಾಡು. ಮುಂದೆ ಹಿಂದೆ ಗಟ್ಟಿ ಆಕ್ಸಲ್, ಅದಕ್ಕೆ ಬಿಗಿದ ಲೀಫ್ ಪ್ಲೇಟ್ ಸೆಟ್ (ಸ್ಪ್ರಿಂಗಿನಂತೆ ಬಾಗುವ ಉಕ್ಕಿನ ಪಟ್ಟಿಗಳ ಕಟ್ಟು), ಪಕ್ಕದಲ್ಲಿ ಶಾಕ್ ಅಬ್ಸಾರ್ಬರ್. ಹಳೆಯ ಥಾರ್ ಸಿಆರ್‌ಡಿಇ ಆದರೆ ಪ್ಲೇಟ್ ಹಿಂದೆ ಮಾತ್ರ, ಮುಂದೆ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು). 2020ರಲ್ಲಿ ಬಂದ ಥಾರ್‌ಗೆ ನಾಲ್ಕೂ ಕಡೆ ಕಾಯಿಲ್, ಅದರ ಕಥೆ ಬೇರೆ. ಇಲ್ಲಿ ಹೇಳುವುದು ಪ್ಲೇಟಿನ ಗಾಡಿಗಳ ಬಗ್ಗೆ.

ಗಾಡಿ ತಗ್ಗಿದರೆ, ಸದ್ದು ಮಾಡಿದರೆ, ಪ್ಲೇಟ್ ಮುರಿದರೆ ಎಲ್ಲರೂ ಬೈಯುವುದು ಪ್ಲೇಟನ್ನೇ. ಆದರೆ ಪ್ಲೇಟ್ ತಾನಾಗಿ ಸಾಯುವುದು ಕಡಿಮೆ. ಸಡಿಲ ಯು-ಬೋಲ್ಟ್ (ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಬೋಲ್ಟ್), ತಿಂದುಹೋದ ಬುಶ್ (ಪ್ಲೇಟಿನ ತುದಿಯ ಸುರುಳಿಯೊಳಗಿನ ರಬ್ಬರ್), ಕಳಚಿಬಿದ್ದ ಬಂಪ್ ಸ್ಟಾಪ್ (ಆಕ್ಸಲ್ ಮೇಲೆದ್ದು ಚಾಸಿಸ್‌ಗೆ ಬಡಿಯದಂತೆ ತಡೆಯುವ ರಬ್ಬರ್) ಸೇರಿ ಅದನ್ನು ಕೊಲ್ಲುತ್ತವೆ. ಕಾರಣ ಬಿಟ್ಟು ಪ್ಲೇಟ್ ಮಾತ್ರ ಬದಲಿಸಿದರೆ ಹೊಸದೂ ಅದೇ ಜಾಗದಲ್ಲಿ ಮುರಿಯುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಎಲ್ಲಿ ಮುರಿದಿದೆ ಅಂತ. ನಡುವೆ, ಪ್ಲೇಟುಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಮುರಿದಿದ್ದರೆ ಯು-ಬೋಲ್ಟ್ ಸಡಿಲವಾಗಿ ಓಡಿದೆ ಎಂದೇ ತಿಳಿಯಿರಿ. ಯು-ಬೋಲ್ಟ್ ಬಿಗಿಯಾಗಿದ್ದಾಗ ತೂತಿನ ಭಾಗ ಬಾಗುವುದೇ ಇಲ್ಲ. ಸಡಿಲಾದ ಕೂಡಲೇ ಪ್ಲೇಟ್ ಅಲ್ಲೇ ಮಡಿಚಿ ಬಿಚ್ಚಿ ಮಾಡುತ್ತದೆ, ತೂತು ಮೊದಲೇ ದುರ್ಬಲ ಜಾಗ. ಕಣ್ಣಿನ (ತುದಿಯಲ್ಲಿ ಬೋಲ್ಟ್ ತೂರುವ ಸುರುಳಿ) ಹತ್ತಿರ ಮೇನ್ ಪ್ಲೇಟ್ (ಕಣ್ಣಿರುವ, ಎಲ್ಲಕ್ಕಿಂತ ಉದ್ದದ ಪ್ಲೇಟ್) ಮುರಿದಿದ್ದರೆ ಶ್ಯಾಕಲ್ (ಪ್ಲೇಟಿನ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ, ಹಿಂದೆ ಮುಂದೆ ಆಡುವ ಕೊಂಡಿ) ತುಕ್ಕು ಹಿಡಿದು ಆಡುತ್ತಿಲ್ಲ, ಅಥವಾ ಪ್ಲೇಟುಗಳನ್ನು ಹಿಡಿಯುವ ಕ್ಲಿಪ್ ಕಳಚಿದೆ. ಕ್ಲಿಪ್ ಇಲ್ಲದಿದ್ದರೆ ಚಕ್ರ ಗುಂಡಿಗೆ ಇಳಿದಾಗ ಆಕ್ಸಲಿನ ಭಾರವನ್ನೆಲ್ಲ ಮೇನ್ ಪ್ಲೇಟ್ ಒಂದೇ ಹೊರಬೇಕು.

ಪೂರ್ತಿ ಮುರಿಯುವ ಮುಂಚೆ ಬಿರುಕು ಸುಳಿವು ಕೊಡುತ್ತದೆ. ಮಲೆನಾಡಿನ ಕೆಂಪು ಕೆಸರು ಕಚ್ಚಿಕೊಂಡಿದ್ದರೆ ಏನೂ ಕಾಣುವುದಿಲ್ಲ, ಮೊದಲು ನೀರು ಹೊಡೆದು ತೊಳೆದು ಒಣಗಿಸಿ. ವೈರ್ ಬ್ರಶ್ ಹಾಕಿ ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಡಿ. ಪ್ಲೇಟಿನ ಅಂಚಿನಲ್ಲಿ ಅಡ್ಡಡ್ಡ ಕೂದಲೆಳೆಯಂಥ ಗೆರೆ, ಅದರಿಂದ ಒಸರಿದ ತುಕ್ಕಿನ ಪುಡಿ ಕಂಡರೆ ಆ ಪ್ಲೇಟ್ ಮುಗಿಯಿತು. ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡ. ಹದ ಮಾಡಿದ ಸ್ಪ್ರಿಂಗ್ ಉಕ್ಕು ಕಾಯ್ದರೆ ಹದ ಹೋಗುತ್ತದೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಸೆಂಟರ್ ಬೋಲ್ಟ್ ತುಂಡಾದದ್ದು ಹೊರಗಿನಿಂದ ಕಾಣುವುದಿಲ್ಲ. ಪ್ಲೇಟಿನ ಸ್ಥಿರ ಕಣ್ಣಿನ (ಶ್ಯಾಕಲ್ ಇಲ್ಲದ ತುದಿ) ಬೋಲ್ಟಿನಿಂದ ಆಕ್ಸಲ್ ಮಧ್ಯದವರೆಗೆ ಎರಡೂ ಬದಿ ಟೇಪ್ ಹಿಡಿಯಿರಿ. ಒಂದು ಬದಿ ಕಡಿಮೆ ಬಂದರೆ ಬೋಲ್ಟ್ ತುಂಡಾಗಿ ಆಕ್ಸಲ್ ಜಾರಿದೆ. ಸ್ಟೀರಿಂಗ್ ನೇರ ಹಿಡಿದರೂ ಗಾಡಿ ಓರೆಯಾಗಿ ಓಡಲು ಇದೂ ಕಾರಣ.

ತಗ್ಗಿದೆಯೋ ಇಲ್ಲವೋ ಅನ್ನುವುದನ್ನು ಕಣ್ಣಂದಾಜಿಗೆ ಬಿಡಬೇಡಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಟೈರ್ ಗಾಳಿ ಎರಡೂ ಬದಿ ಒಂದೇ ಮಾಡಿ, ಹಬ್ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ಎಡಬಲಕ್ಕೆ 15 ಮಿಮೀಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಂದು ಸೆಟ್ ಸೋತಿದೆ. ಸೋತ ಪ್ಲೇಟನ್ನು ಬಡಿದು ಕಮಾನು ಏರಿಸಿ ಕೊಡುವ ಅಂಗಡಿಗಳಿವೆ; ದುಡ್ಡು ಉಳಿಯುತ್ತದೆ, ಆದರೆ ದಣಿದ ಉಕ್ಕು ಬೇಗ ಮತ್ತೆ ಕುಗ್ಗುತ್ತದೆ. ತೋಟದೊಳಗೆ ಮಾತ್ರ ಓಡುವ ಗಾಡಿಗೆ ಸಾಕು. ಘಾಟಿ ಇಳಿಯುವ ಗಾಡಿಗೆ ಹೊಸ ಸೆಟ್ಟೇ ಹಾಕಿ, ಅದೂ ಎರಡೂ ಬದಿಗೆ.

ಬುಶ್ ಪರೀಕ್ಷೆಗೆ ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲನ್ನು ತೂಗಲು ಬಿಡಿ. ಶ್ಯಾಕಲ್ ಮತ್ತು ಪ್ಲೇಟಿನ ಕಣ್ಣಿನ ನಡುವೆ ಟಾಮಿ ತೂರಿಸಿ ಮೀಟಿದರೆ ಒಳ್ಳೆಯ ರಬ್ಬರ್ ಸ್ವಲ್ಪ ಬಾಗಿ ವಾಪಸು ಬರುತ್ತದೆ. ಸತ್ತದ್ದು 'ಟಕ್' ಅಂತ ಸದ್ದು ಮಾಡಿ ಜಾಗ ಬದಲಿಸುತ್ತದೆ. ಕಣ್ಣಿನ ಪಕ್ಕದಲ್ಲಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಹೊಳೆಯುತ್ತಿದ್ದರೆ ಮೀಟುವ ಅಗತ್ಯವೂ ಇಲ್ಲ. ಗಾಡಿಯ ಮುಂಭಾಗದ ಸದ್ದು ಚಕ್ರದ ಬೇರಿಂಗಿನದೂ ಇರಬಹುದು: ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್) ಕಡೆ ನೋಡಿ.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಬಾನೆಟ್ ಒತ್ತಿ ಕುಣಿಸಿ ನೋಡುವ ಪರೀಕ್ಷೆ ಪ್ಲೇಟಿನ ಗಾಡಿಗೆ ನಂಬಲರ್ಹವಲ್ಲ. ಪ್ಲೇಟುಗಳ ತಿಕ್ಕಾಟವೇ ಕುಣಿತವನ್ನು ತಡೆಯುತ್ತದೆ. ಒರಟು ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ನಾಲ್ಕರ ಹತ್ತಿರವೂ ಕೈ ಒಯ್ಯಿರಿ. ಸುಡಬಹುದು, ಗಟ್ಟಿಯಾಗಿ ಹಿಡಿಯಬೇಡಿ. ಕುಲುಕಾಟವನ್ನು ಬಿಸಿಯಾಗಿ ಮಾರ್ಪಡಿಸುವುದೇ ಶಾಕ್‌ನ ಕೆಲಸ, ಹಾಗಾಗಿ ಜೊತೆಯದು ಬಿಸಿಯಾಗಿ ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ. ಮೈಮೇಲೆ ಎಣ್ಣೆಯ ತೆಳು ಪಸೆ ಇದ್ದರೆ ಚಿಂತೆಯಿಲ್ಲ, ಧೂಳು ಅಂಟಿ ಕೆಳಗೆ ಹರಿದಿದ್ದರೆ ಬದಲಿಸಿ. ಬದಲಿಸುವಾಗ ಜೋಡಿಯಾಗಿಯೇ ಹಾಕಿ. ಗ್ಯಾಸ್ ಇಲ್ಲದ ಎಣ್ಣೆಯ ಶಾಕ್ ಆದರೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ, ಗಾಳಿ ಹೋದ ಮೇಲೆ ಕೂರಿಸಿ.

ಇನ್ನು ಬದಲಿಸುವ ಕೆಲಸ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ, ಇನ್ನೊಂದು ಬದಿ ಆಕ್ಸಲನ್ನು ಜಾಗದಲ್ಲಿ ಹಿಡಿದಿರುತ್ತದೆ. ನೆಲದಲ್ಲಿರುವ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಸ್‌ಗೆ ಸ್ಟ್ಯಾಂಡ್, ಆಕ್ಸಲ್ ಕೆಳಗೆ ಬೇರೆ ಜಾಕಿ. ಶಾಕ್‌ನ ಕೆಳಗಿನ ತುದಿ, ಆಮೇಲೆ ಯು-ಬೋಲ್ಟ್, ಶ್ಯಾಕಲ್, ಕೊನೆಗೆ ಸ್ಥಿರ ಕಣ್ಣಿನ ಬೋಲ್ಟ್. ಆಕ್ಸಲ್ ಇಳಿಸುವಾಗ ಬ್ರೇಕ್ ಹೋಸ್ ಎಳೆಯದಂತೆ ಒಂದು ಕಣ್ಣು ಅಲ್ಲಿರಲಿ. ಮುಂದಿನ ಆಕ್ಸಲ್ ಮೇಲೆ ಓರೆ ಶಿಮ್ (ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ತಗಡು) ಇದ್ದರೆ ದಪ್ಪ ತುದಿ ಯಾವ ಕಡೆಗಿತ್ತೆಂದು ಬಿಚ್ಚುವ ಮುಂಚೆಯೇ ಗುರುತು ಹಾಕಿ. ತಿರುಗಿಸಿ ಹಾಕಿದರೆ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕೆಟ್ಟು ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಹಳೆಯ ಬುಶ್ ಸುಲಭಕ್ಕೆ ಬರುವುದಿಲ್ಲ. ಗ್ಯಾಸ್ ಹಚ್ಚಿ ರಬ್ಬರ್ ಸುಡುವುದು ರೂಢಿ. ಹೊಗೆ ಕೆಟ್ಟದ್ದು, ಪ್ಲೇಟಿನ ಕಣ್ಣೂ ಕಾಯುತ್ತದೆ. ಉದ್ದನೆ ಥ್ರೆಡ್ ರಾಡ್, ಬುಶ್‌ಗಿಂತ ಚಿಕ್ಕದೊಂದು, ದೊಡ್ಡದೊಂದು ಸಾಕೆಟ್ ಇಟ್ಟು ಎಳೆದು ತೆಗೆಯಿರಿ, ಹೊಸದನ್ನೂ ಹಾಗೇ ಕೂರಿಸಿ. ರಬ್ಬರಿಗೆ ಸೋಪಿನ ನೀರು ಸಾಕು, ಮಾಮೂಲು ಗ್ರೀಸ್ ಹಚ್ಚಬೇಡಿ, ಉಬ್ಬಿ ಹಾಳಾಗುತ್ತದೆ. ಪಾಲಿಯುರೆಥೇನ್ ಬುಶ್ ಆದರೆ ಸಿಲಿಕೋನ್ ಗ್ರೀಸ್.

ಹೊಸ ಸೆಟ್ಟಿನ ಸೆಂಟರ್ ಬೋಲ್ಟ್ ಬಹಳ ಗಾಡಿಗಳಲ್ಲಿ ನಟ್ಟನಡುವೆ ಇರುವುದಿಲ್ಲ, ಗಿಡ್ಡ ತುದಿ ಯಾವ ಕಡೆ ಅನ್ನುವುದನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಬೋಲ್ಟಿನ ತಲೆ ಆಕ್ಸಲ್ ಪೀಠದ ತೂತಿನಲ್ಲಿ ಪೂರ್ತಿ ಕೂತ ಮೇಲೆಯೇ ಯು-ಬೋಲ್ಟ್ ಹಾಕಿ. ಹಳೆಯ ಯು-ಬೋಲ್ಟ್ ಮತ್ತೆ ಬಳಸಬೇಡಿ, ಒಮ್ಮೆ ಎಳೆತಕ್ಕೆ ಸಿಕ್ಕಿದ ಥ್ರೆಡ್ ಅದೇ ಬಿಗಿ ಕೊಡುವುದಿಲ್ಲ. ನಾಲ್ಕು ನಟ್ಟನ್ನೂ ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಮ್ಯಾನ್ಯುಅಲಿನಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿಯ ಅಳತೆಗೆ) ತನ್ನಿ.

ಬಹಳ ಕಡೆ ಎಡವುವುದು ಇದರ ನಂತರ. ಕಣ್ಣು ಮತ್ತು ಶ್ಯಾಕಲ್‌ನ ಬೋಲ್ಟುಗಳನ್ನು ಆಕ್ಸಲ್ ತೂಗುತ್ತಿರುವಾಗಲೇ ಪೂರ್ತಿ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ತಿರುಚಿ, ನಿಂತಲ್ಲೂ ತಿರುಚಿಯೇ ಇದ್ದು, ಬೇಗ ಹರಿಯುತ್ತದೆ. ಮೊದಲು ಸಡಿಲವಾಗಿ ಹಾಕಿ, ಚಕ್ರ ಕಟ್ಟಿ, ನೆಲಕ್ಕಿಳಿಸಿ, ಹಿಂದೆ ಮುಂದೆ ತಳ್ಳಿ ಪ್ಲೇಟ್ ತನ್ನ ಜಾಗಕ್ಕೆ ಬಂದ ಮೇಲೆ ಬಿಗಿಯಿರಿ.

ಎಕ್ಸ್‌ಟ್ರಾ ಪ್ಲೇಟ್ ಹಾಕಿಸುವ ಆಸೆ ಎಲ್ಲರಿಗೂ ಇರುತ್ತದೆ. ದಿನಾ ಗೊಬ್ಬರ, ಕಾಫಿ ಮೂಟೆ ಹೊರುವ ಗಾಡಿಗೆ ಹಿಂದೆ ಒಂದೊಂದು ಸೇರಿಸುವುದು ಸರಿ. ಖಾಲಿ ಓಡುವ ಗಾಡಿಗೆ ಹಾಕಿದರೆ ಪ್ಲೇಟ್ ಬಾಗುವುದಕ್ಕಿಂತ ಹೆಚ್ಚಾಗಿ ಚಕ್ರ ಎಗರುತ್ತದೆ, ಏರಿನಲ್ಲಿ ಹಿಡಿತ ತಪ್ಪುತ್ತದೆ.

100 ಕಿಮೀ ಓಡಿದ ಮೇಲೆ ಯು-ಬೋಲ್ಟನ್ನು ಮತ್ತೆ ಟಾರ್ಕ್‌ಗೆ ತನ್ನಿ, 500ಕ್ಕೆ ಇನ್ನೊಮ್ಮೆ. ನಟ್ಟಿನ ಮೇಲೆ ಪೇಂಟಿನ ಗೀಟು ಎಳೆದಿಟ್ಟರೆ ನಟ್ ತಿರುಗಿದ್ದು ಬಗ್ಗಿ ನೋಡಿದ ಕೂಡಲೇ ಕಾಣುತ್ತದೆ. ಆದರೆ ಪ್ಲೇಟುಗಳ ನಡುವಿನ ಹೊಸ ಪೇಂಟ್ ಸವೆದಾಗ ನಟ್ ತಿರುಗದೆಯೂ ಬಿಗಿ ಇಳಿಯುತ್ತದೆ. ಗೀಟು ನೇರವಾಗಿದೆ ಅಂತ ಟಾರ್ಕ್ ರೆಂಚ್ ಬಿಡುವ ಹಾಗಿಲ್ಲ.