ಭಾಗಮಂಡಲದಿಂದ ತಲಕಾವೇರಿಗೆ: ತುಲಾ ಮಾಸದಲ್ಲಿ ಹೊರಡುವವರಿಗೆ

ಕಾವೇರಿಯ ಉಗಮಸ್ಥಾನವಾದ ತಲಕಾವೇರಿಗೆ ಯಾವಾಗ ಹೋಗುವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ: ತುಲಾ ಸಂಕ್ರಮಣದ ಗಳಿಗೆಗಾಗಿ ಹಟ ಹಿಡಿಯಬೇಡಿ, ಅದರ ನಂತರದ ವಾರಗಳಲ್ಲಿ, ವಾರದ ನಡುವಿನ ಒಂದು ದಿನ ಹೊರಡಿ. ಅಕ್ಟೋಬರ್ 17ರ ಆಸುಪಾಸಿನಲ್ಲಿ ಬರುವ ಆ ಸಂಕ್ರಮಣದಂದು ತೀರ್ಥೋದ್ಭವ, ಅಂದರೆ ಅಲ್ಲಿನ ಪುಟ್ಟ ಕುಂಡಿಕೆಯಲ್ಲಿ ಕಾವೇರಿ ಉಕ್ಕಿ ಬರುವುದು, ನಡೆಯುತ್ತದೆ. ಅಲ್ಲಿಂದ ಒಂದು ತಿಂಗಳು, ಅಂದರೆ ತುಲಾ ಮಾಸ ಮುಗಿಯುವ ಕಿರು ಸಂಕ್ರಮಣದವರೆಗೆ, ಜಾತ್ರೆಯ ಕಾಲವೇ. ಊರಿನ ಹಿರಿಯರಲ್ಲಿ ಅನೇಕರು ನೂಕುನುಗ್ಗಲು ಕಳೆದ ಮೇಲೆಯೇ ಹೋಗಿ ತೀರ್ಥ ತರುತ್ತಾರೆ, ಅದರಿಂದ ಪುಣ್ಯವೇನೂ ಕಡಿಮೆಯಾಯಿತೆಂದು ಯಾರೂ ಭಾವಿಸುವುದಿಲ್ಲ. ನಾವೂ ಈ ಸಲ ಮನೆಯ ಹಿರಿಯರನ್ನು ಕರೆದುಕೊಂಡು ಹಾಗೆಯೇ ಹೋದೆವು.

ಆದರೂ ತೀರ್ಥೋದ್ಭವವನ್ನು ಕಣ್ಣಾರೆ ನೋಡಲೇಬೇಕೆಂಬ ಆಸೆಯುಳ್ಳವರು ಒಂದು ಲೆಕ್ಕವನ್ನು ತಿಳಿದಿರಬೇಕು. ಸೂರ್ಯನು ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆ ವರ್ಷದಿಂದ ವರ್ಷಕ್ಕೆ ಆರು ಗಂಟೆಗೂ ಸ್ವಲ್ಪ ಹೆಚ್ಚು ಮುಂದಕ್ಕೆ ಸರಿಯುತ್ತದೆ. 2023ರಲ್ಲಿ ಅದು ನಡುರಾತ್ರಿ ಕಳೆದು 1.27ಕ್ಕೆ, 2024ರಲ್ಲಿ ಬೆಳಿಗ್ಗೆ 7.40ಕ್ಕೆ, 2025ರಲ್ಲಿ ಮಧ್ಯಾಹ್ನ 1.44ಕ್ಕೆ ಬಂದಿತ್ತು. ಈ ಲೆಕ್ಕದಂತೆ 2026ರದು ಕತ್ತಲಾದ ಮೇಲೆ ಬರಬೇಕು. ಖಚಿತ ಸಮಯವನ್ನು ದೇವಾಲಯದವರು ಮುಂಚಿತವಾಗಿ ಪ್ರಕಟಿಸುತ್ತಾರೆ. ರಾತ್ರಿಯ ಮುಹೂರ್ತವಾದರೆ ಮಂಜು, ಚಳಿ, ತುಂತುರು ಮಳೆ ಮೂರನ್ನೂ ಸಹಿಸಿಕೊಂಡು ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಚಿಕ್ಕ ಮಕ್ಕಳನ್ನೂ ಮಂಡಿನೋವಿನ ಹಿರಿಯರನ್ನೂ ಆ ಜನಸಂದಣಿಗೆ ಕರೆದೊಯ್ಯುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಮಡಿಕೇರಿಯಿಂದ ಬೆಟ್ಟಗೇರಿ, ಚೇರಂಬಾಣೆಯ ಮೂಲಕ ಭಾಗಮಂಡಲಕ್ಕೆ ಸುಮಾರು 40, ಅಲ್ಲಿಂದ ತಲಕಾವೇರಿಗೆ ಇನ್ನು 8. ಕೊಡಗಿನಲ್ಲಿ ರೈಲಿಲ್ಲವಾದ್ದರಿಂದ ದೂರದವರು ಮೈಸೂರಿನಲ್ಲಿಯೇ ಇಳಿಯುವುದು ರೂಢಿ. ಮಡಿಕೇರಿಯಿಂದ ಭಾಗಮಂಡಲಕ್ಕೆ ಬಸ್ಸುಗಳಿವೆ. ವಿರಾಜಪೇಟೆ ಕಡೆಯಿಂದ ಬರುವವರಿಗೆ ನಾಪೋಕ್ಲು ದಾರಿ ಹತ್ತಿರ. ಎಲ್ಲವೂ ಕಾಫಿ ತೋಟಗಳ ನಡುವಿನ ತಿರುವು ರಸ್ತೆಗಳು. ವಾಂತಿಯ ತೊಂದರೆ ಇರುವವರು ಹೊಟ್ಟೆ ತುಂಬ ತಿಂದು ಹೊರಡದಿರುವುದು ಲೇಸು.

ಹೆಚ್ಚಿನ ಪ್ರವಾಸಿಗರು ಭಾಗಮಂಡಲದಲ್ಲಿ ಕಾರು ನಿಲ್ಲಿಸದೆ ನೇರವಾಗಿ ಬೆಟ್ಟ ಹತ್ತಿ, ಅರ್ಧ ಗಂಟೆಯಲ್ಲಿ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಇಲ್ಲಿನವರ ಕ್ರಮ ಹಾಗಲ್ಲ. ಮೊದಲು ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಸ್ನಾನ, ಬಳಿಕ ಭಗಂಡೇಶ್ವರನ ದರ್ಶನ, ಕೊನೆಗೆ ತಲಕಾವೇರಿ. ಕಾವೇರಿ ಮತ್ತು ಕನ್ನಿಕೆ ಕಣ್ಣಿಗೆ ಕಾಣುವಂತೆ ಇಲ್ಲಿ ಕೂಡುತ್ತವೆ, ಸುಜ್ಯೋತಿ ಅಂತರ್ವಾಹಿನಿಯಾಗಿ ಬಂದು ಸೇರುತ್ತಾಳೆಂಬುದು ನಂಬಿಕೆ. ತುಲಾ ಮಾಸದಲ್ಲಿ ಸಂಗಮದ ದಡದಲ್ಲಿ ಕೇಶಮುಂಡನ ಮಾಡಿಸಿಕೊಂಡು ಅಗಲಿದ ಹಿರಿಯರಿಗೆ ಪಿಂಡ ಇಡುವ ಕುಟುಂಬಗಳು ಬಹಳ. ಪಿಂಡ ಇಡಬೇಕೆಂದಿರುವವರು ಬೆಳಿಗ್ಗೆ ಬೇಗನೆ ತಲುಪಬೇಕು, ಗತಿಸಿದವರ ಹೆಸರು, ಗೋತ್ರಗಳನ್ನು ಬರೆದುಕೊಂಡು ಬರಬೇಕು, ಬದಲಿಸಿಕೊಳ್ಳಲು ಒಣ ಬಟ್ಟೆಯನ್ನೂ ತರಬೇಕು. ಮಳೆ ಬಿದ್ದ ಮರುದಿನ ನೀರು ಕೆಂಪಾಗಿದ್ದು ಸೆಳೆತವೂ ಇರುವುದರಿಂದ ಮೆಟ್ಟಿಲಿನಲ್ಲಿಯೇ ನಿಂತು ಚೊಂಬಿನಿಂದ ತಲೆಗೆ ಹೊಯ್ದುಕೊಂಡರೆ ಸಾಕು.

ಭಗಂಡ ಮಹರ್ಷಿ ಪ್ರತಿಷ್ಠಾಪಿಸಿದನೆಂದು ಹೇಳುವ ಭಗಂಡೇಶ್ವರ ದೇವಾಲಯಕ್ಕೆ ಕನಿಷ್ಠ ಒಂದು ಗಂಟೆಯನ್ನಾದರೂ ಮೀಸಲಿಡಬೇಕು. ಕೇರಳ ಶೈಲಿಯ ಕಟ್ಟಡ. ಇಳಿಜಾರು ಮಾಡಿಗೆ ತಾಮ್ರದ ಹೊದಿಕೆ, ನಡುವೆ ಕಲ್ಲು ಹಾಸಿದ ಅಂಗಳ, ಸುತ್ತ ಈಶ್ವರ, ಸುಬ್ರಹ್ಮಣ್ಯ, ಮಹಾವಿಷ್ಣು, ಗಣಪತಿಯರ ಗುಡಿಗಳು. ಮರದ ಕೆತ್ತನೆಯನ್ನು ನೋಡಲು ತಲೆಯೆತ್ತಿ ನಿಧಾನವಾಗಿ ನಡೆಯಬೇಕು, ಇಲ್ಲವಾದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಈಗ ಇಷ್ಟು ಶಾಂತವಾಗಿ ಕಾಣುವ ಈ ಊರು ಯುದ್ಧವನ್ನೂ ಕಂಡಿದೆ. ಟಿಪ್ಪುವಿನ ಸೈನ್ಯ ಇದನ್ನು ವಶಪಡಿಸಿಕೊಂಡಿತ್ತು. 1790ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಮರಳಿ ಗೆದ್ದುಕೊಂಡ.

ತಲಕಾವೇರಿ ಬ್ರಹ್ಮಗಿರಿಯ ಇಳಿಜಾರಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 1276 ಮೀಟರ್ ಎತ್ತರದಲ್ಲಿದೆ. ಮಹಾನದಿಯೊಂದು ಧುಮ್ಮಿಕ್ಕುವುದನ್ನು ನೋಡಲು ಬಂದವರಿಗೆ ಇಲ್ಲಿ ನಿರಾಶೆಯಾಗುವುದುಂಟು, ಏಕೆಂದರೆ ಕಾಣುವುದು ಪುಟ್ಟ ಬ್ರಹ್ಮಕುಂಡಿಕೆ ಮತ್ತು ಅದರ ಮುಂದಿನ ಕೊಳ ಮಾತ್ರ. ಅಲ್ಲಿಂದ ನೀರು ನೆಲದಡಿ ಸೇರಿ, ಕೆಳಗೆಲ್ಲೋ ಹೊಳೆಯಾಗಿ ಹೊರಬರುತ್ತದೆ. ಇದಕ್ಕೆ ಕಥೆಯೂ ಇದೆ. ತನ್ನನ್ನು ಎಂದೂ ಒಂಟಿಯಾಗಿ ಬಿಡಬಾರದೆಂಬ ಷರತ್ತಿನ ಮೇಲೆ ಅಗಸ್ತ್ಯನ ಕೈಹಿಡಿದ ಕಾವೇರಿ, ಅವನು ಕಮಂಡಲುವಿನಲ್ಲಿ ತನ್ನನ್ನು ಇರಿಸಿ ಸ್ನಾನಕ್ಕೆ ಹೋದಾಗ ನೀರಾಗಿ ಹರಿದು ಹೊರಟಳು. ಶಿಷ್ಯರು ತಡೆಯಲು ಬಂದಾಗ ಭೂಮಿಯೊಳಗೆ ಇಳಿದು, ಭಾಗಮಂಡಲದಲ್ಲಿ ಮತ್ತೆ ಕಾಣಿಸಿಕೊಂಡಳು. ಮುಂದೆ ಬಲಮುರಿಯಲ್ಲಿ ಅವಳ ರಭಸಕ್ಕೆ ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ. ಇಂದಿಗೂ ಅವರು ನೆರಿಗೆಯನ್ನು ಹಿಂದೆಯೇ ಉಡುತ್ತಾರೆ. ಕುಂಡಿಕೆಯ ಮುಂದೆ ಸಾಲಿನಲ್ಲಿ ನಿಂತಾಗ ಈ ಕಥೆಯನ್ನು ಮಕ್ಕಳಿಗೆ ಹೇಳಿದರೆ ಕಾಯುವ ಹೊತ್ತೂ ಕಳೆಯುತ್ತದೆ.

ಕುಂಡಿಕೆಗೆ ಪೂಜೆ ಸಲ್ಲಿಸಿ, ಅರ್ಚಕರು ಪ್ರೋಕ್ಷಿಸುವ ತೀರ್ಥವನ್ನು ಪಡೆದು, ಮೇಲಿನ ಅಗಸ್ತ್ಯೇಶ್ವರ ಮತ್ತು ಗಣಪತಿ ಗುಡಿಗಳಿಗೆ ಹೋಗಬೇಕು. ಮನೆಗೆ ತೀರ್ಥ ಒಯ್ಯಲು ಸಣ್ಣ ತಾಮ್ರದ ಇಲ್ಲವೇ ಸ್ಟೀಲಿನ ಬಿಂದಿಗೆಯನ್ನು ಮನೆಯಿಂದಲೇ ತನ್ನಿ. ಪ್ಲಾಸ್ಟಿಕ್ ಕ್ಯಾನುಗಳ ರಾಶಿಯನ್ನು ಈ ಬೆಟ್ಟ ಹೊರಬೇಕಾಗಿಲ್ಲ. ಕೊಡಗಿನ ಮನೆಗಳಲ್ಲಿ ಈ ತೀರ್ಥವನ್ನು ವರ್ಷವಿಡೀ ಜೋಪಾನವಾಗಿಟ್ಟು, ಕೊನೆಯುಸಿರೆಳೆಯುವವರ ಬಾಯಿಗೆ ಬಿಡುತ್ತಾರೆ. ನಾವು ಕರೆದೊಯ್ದ ಹಿರಿಯರು ಬಿಂದಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಉಡುಪಿನ ವಿಷಯದಲ್ಲಿ ಪಂಚೆ, ಸೀರೆ, ಚೂಡಿದಾರದಂಥ ಮೈ ಮುಚ್ಚುವ ಬಟ್ಟೆ ಇರಲಿ. ಇದು ಮೊದಲು ಕ್ಷೇತ್ರ, ಆಮೇಲೆ ನೋಟದ ತಾಣ.

ಸಂಕ್ರಮಣದ ಸಮಯದಲ್ಲಿ ಕೊಡವರ ಪರಿಚಯದ ಮನೆ ಇದ್ದವರಿಗೆ ಇನ್ನೊಂದು ಭಾಗ್ಯವಿದೆ. ಗದ್ದೆ, ಬಾವಿಗಳ ಬಳಿ ಕೋಲಿಗೆ ಕಾಡುಬಳ್ಳಿಯ ಸುತ್ತನ್ನು ಸಿಕ್ಕಿಸಿ ‘ಬೊತ್ತ್’ ನೆಡುತ್ತಾರೆ. ಮನೆಯೊಳಗೆ ಸೌತೆಕಾಯಿ ಅಥವಾ ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಆಭರಣ ತೊಡಿಸಿ, ಕಾವೇರಿಯೆಂದು ಭಾವಿಸಿ ಕಣಿ ಪೂಜೆ ಮಾಡುತ್ತಾರೆ. ಮಾಂಸದಡುಗೆಗೆ ಹೆಸರಾದ ಆ ಮನೆಗಳಲ್ಲಿ ಅಂದು ದೋಸೆ ಮತ್ತು ಕುಂಬಳಕಾಯಿಯ ಪಲ್ಯ. ಕರೆದರೆ ಖಂಡಿತ ಹೋಗಿ, ಕರೆಯದಿದ್ದರೆ ಅಂಗಳದಲ್ಲಿ ನಿಂತು ಕ್ಯಾಮೆರಾ ಹಿಡಿಯಬೇಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಈ ಪ್ರಯಾಣವನ್ನು ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಮಳೆಗಾಲದಲ್ಲಿ ಸಂಗಮ ಉಕ್ಕಿ ಭಾಗಮಂಡಲ ಜಲಾವೃತವಾಗುತ್ತಿದ್ದುದರಿಂದಲೇ ಅಲ್ಲಿ ಮೇಲ್ಸೇತುವೆ ಕಟ್ಟಬೇಕಾಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಪಕ್ಕದ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. ಬ್ರಹ್ಮಗಿರಿಯ ಮೆಟ್ಟಿಲು ಹತ್ತುವ ಆಸೆಯಿದ್ದವರು ಆ ದಿನ ಬಿಡುತ್ತಾರೆಯೇ ಎಂದು ಕೆಳಗೇ ವಿಚಾರಿಸಬೇಕು, ಬಿಡದಿದ್ದರೆ ವಾದಿಸಬಾರದು. ಅಕ್ಟೋಬರ್‌ನಲ್ಲಿಯೂ ಸ್ವೆಟರ್ ಮತ್ತು ಛತ್ರಿ ಜೊತೆಗಿರಲಿ.

ಮಧ್ಯಾಹ್ನದ ಹೊತ್ತಿಗೆ ಬೆಟ್ಟ ಇಳಿದುಬಿಟ್ಟರೆ, ಜೇನಿಗೆ ಹೆಸರಾದ ಭಾಗಮಂಡಲದಲ್ಲಿ ಒಂದು ಬಾಟಲಿ ಕೊಂಡು, ಬೆಳಕಿರುವಾಗಲೇ ಮಡಿಕೇರಿ ಸೇರಬಹುದು. ಸಂಜೆ ನಾಲ್ಕರ ನಂತರ ಮಂಜು ಕವಿದರೆ ಆ ತಿರುವುಗಳಲ್ಲಿ ಎದುರಿನ ವಾಹನ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹೊಸಬರು ಚಾಲಕರಾಗಿದ್ದರೆ ರಾತ್ರಿಯನ್ನು ಭಾಗಮಂಡಲದಲ್ಲಿಯೇ ಕಳೆದು ಬೆಳಿಗ್ಗೆ ಹೊರಡುವುದು ಕ್ಷೇಮ.