"ಬೆಳ್ಳಗ ಕಾಣ್ತೀರಿ" ಅನ್ನೋ ಮಾತು ಬಿಟ್ಟೆ

ಹುಬ್ಬಳ್ಳಿಯ ದಾಜಿಬಾನಪೇಟೆ ಹತ್ತಿರ ಒಂದು ಸೀರೆ ಅಂಗಡಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಾದಿ ಮೇಲೆ ಕೂತು ಸೀರೆ ಬಿಚ್ಚಿ ಹಾಕುವುದು, ಮಡಚುವುದು, ಮತ್ತೆ ಬಿಚ್ಚುವುದು. ಸೇರಿದ ವಾರದಲ್ಲೇ ಹಿರಿಯರೊಬ್ಬರು ಒಂದು ಮಾತು ಕಲಿಸಿದ್ದರು. ಗಿರಾಕಿ ಎರಡು ಸೀರೆ ಹಿಡಿದು ಯೋಚನೆ ಮಾಡುತ್ತಾ ನಿಂತರೆ, "ಇದರಾಗ ಬೆಳ್ಳಗ ಕಾಣ್ತೀರಿ ನೋಡ್ರಿ" ಅಂತ ಹೇಳು, ಮುಗೀತು. ನಿಜವಾಗಿಯೂ ಮುಗಿಯುತ್ತಿತ್ತು. ಆ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಎರಡು ವರ್ಷದ ಹಿಂದೆ ಮದುವೆ ಸೀಸನ್‌ನಲ್ಲಿ ನವಲಗುಂದ ಕಡೆಯಿಂದ ತಾಯಿ ಮಗಳು ಬಂದರು. ನಿಶ್ಚಯಕ್ಕೆ ಸೀರೆ ಬೇಕಿತ್ತು. ಹುಡುಗಿ ಮೊಬೈಲ್‌ನಲ್ಲಿ ರೀಲ್ಸ್‌ನ ಒಂದು ಸ್ಕ್ರೀನ್‌ಶಾಟ್ ತೋರಿಸಿದಳು. ತಿಳಿ ಪೀಚ್ ಬಣ್ಣದ ಸೀರೆ. ಅಂಥವೇ ನಾಲ್ಕೈದು ಬಿಚ್ಚಿ ಹಾಕಿದೆ. ಅವಳ ಕೈ ಮಾತ್ರ ಪಕ್ಕದಲ್ಲಿ ಬಿದ್ದಿದ್ದ ಕಡು ಹಸಿರು ಇಳಕಲ್ ಸೀರೆ ಮೇಲಿತ್ತು. ಕೆಂಪು ಸೆರಗಿನ ಮೇಲೆ ನೇಯ್ದ ಬಿಳಿ ತೆನಿ ವಿನ್ಯಾಸಗಳನ್ನು ಒಂದೊಂದಾಗಿ ಬೆರಳಿನಿಂದ ಸವರುತ್ತಿದ್ದಳು.

"ಅದು ಬ್ಯಾಡವಾ, ನಿನ್ನ ಬಣ್ಣಕ್ಕ ಇನ್ನೂ ಡಾರ್ಕ್ ಆಗ್ತದ. ಪೀಚ್ ತೊಗೊ, ಬೆಳ್ಳಗ ಕಾಣ್ತಿ" ಅಂದೆ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ನೋಡಿದೆ. ನೋಡಿಯೂ ಬಿಲ್ ಮಾಡಿಸಿದೆ.

ನಾಲ್ಕನೇ ದಿನ ತಾಯಿ ಒಬ್ಬರೇ ಬಂದರು, ಸೀರೆ ಬದಲಿಸಿಕೊಡಿ ಅಂತ. ಜಗಳ ಮಾಡಲಿಲ್ಲ. "ಅಂಗಡ್ಯಾಗ ಕಂಡಂಗ ಮನ್ಯಾಗ ಕಾಣವಲ್ದು. ಉಟ್ಕೊಂಡು ಕನ್ನಡಿ ಮುಂದ ನಿಂತು ಅತ್ಲು. ಮೊದಲ ಮೊಬೈಲ್ ನೋಡಿ ನೋಡಿ ನಾ ಕಪ್ಪದೀನಿ ಅಂತಾಳ. ನೀವೂ ಅದನ್ನ ಅಂದ್ರಿ" ಅಂದರು. ಹಸಿರು ಇಳಕಲ್ ಇನ್ನೂ ಇತ್ತು. ಅದನ್ನೇ ಕಟ್ಟಿಕೊಟ್ಟೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ನಾನೂ ಕಪ್ಪೇ. ಸಣ್ಣವಳಿದ್ದಾಗ ಟಿವಿಯಲ್ಲಿ ಫೇರ್ ಅಂಡ್ ಲವ್ಲಿ ಜಾಹೀರಾತು ಬರುತ್ತಿತ್ತು. ಕಪ್ಪು ಹುಡುಗಿ ಮುಖ ಸಣ್ಣದು ಮಾಡಿಕೊಂಡಿರುತ್ತಿದ್ದಳು. ಕ್ರೀಮ್ ಹಚ್ಚಿದ ಮೇಲೆ ಕೆಲಸ ಸಿಗುತ್ತಿತ್ತು, ಒಳ್ಳೆ ಗಂಡು ಸಿಗುತ್ತಿದ್ದ. ಒಂದೇ ಮುಖವನ್ನು ಕಪ್ಪಿನಿಂದ ಬಿಳುಪಿನವರೆಗೆ ಸಾಲಾಗಿ ತೋರಿಸುತ್ತಿದ್ದರು. ಆ ಸಾಲಿನಲ್ಲಿ ನನ್ನ ಜಾಗ ಯಾವುದು ಅಂತ ಹುಡುಕುತ್ತಿದ್ದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಆ ಕ್ರೀಮ್ 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಸೇರಿಸಿಕೊಂಡಿತು. ಕಪ್ಪಗಿರುವವರನ್ನು ಕೀಳಾಗಿ ತೋರಿಸಬಾರದು ಅಂತ ಜಾಹೀರಾತು ಉದ್ಯಮದ ಮಂಡಳಿಯೇ 2014ರಲ್ಲಿ ನಿಯಮ ಮಾಡಿತ್ತು. ಅಂಥ ಕಂಪನಿಯೇ ಬಿಟ್ಟ ಮಾತನ್ನು ನಾನು ಗಾದಿ ಮೇಲೆ ಕೂತು, ನನ್ನದೇ ಬಣ್ಣದ ಹುಡುಗಿಗೆ ಹೇಳಿದ್ದೆ.

ನಮ್ಮ ಸೀಮೆಯಲ್ಲಿ ಮದುಮಗಳಿಗೆ ಕಸೂತಿ ಹಾಕಿದ ಚಂದ್ರಕಾಳಿ ಸೀರೆ ಕೊಡುವ ಪದ್ಧತಿ ಇತ್ತು. ಕಪ್ಪು ರೇಷ್ಮೆ. ಎಳೆ ಎಣಿಸಿ ಗವಂತಿ, ಮುರಗಿ ಹೊಲಿಗೆ ಹಾಕುತ್ತಿದ್ದರು. ಗಂಟು ಇಲ್ಲದ ಹೊಲಿಗೆ ಅದು, ಒಳಗೂ ಹೊರಗೂ ಒಂದೇ ತರಹ ಕಾಣುತ್ತದೆ. ಗೋಪುರ, ಆನೆ, ತುಳಸಿಕಟ್ಟೆ ಎಲ್ಲ ಕಪ್ಪಿನ ಮೇಲೆ ಎಷ್ಟು ಚೆಂದ ಎದ್ದು ಕಾಣುತ್ತಿದ್ದವು! ಬಿಸಿಲಲ್ಲಿ ಬೆಳೆದ ಹೆಣ್ಣುಮಕ್ಕಳೇ ಅಲ್ವಾ ಅದನ್ನು ಉಟ್ಟವರು? ಕಪ್ಪು ಮೈಗೆ ಕಡು ಬಣ್ಣ ಒಪ್ಪುವುದಿಲ್ಲ ಅಂತ ಯಾರೂ ಅವರ ಕೈಯಿಂದ ಸೀರೆ ಕಸಿದುಕೊಂಡಿರಲಿಲ್ಲ.

ಆಮೇಲೆ ಆ ಮಾತು ಬಿಟ್ಟೆ. ಸುಲಭ ಇರಲಿಲ್ಲ. ಬಾಯಿಗೆ ರೂಢಿ ಆಗಿತ್ತು, ಮೊದಲ ತಿಂಗಳು ನನ್ನ ಮಾರಾಟವೂ ಇಳಿಯಿತು. ಈಗ ಸೀರೆ ಹಿಡಿದು ಗಿರಾಕಿಯನ್ನು ಬಾಗಿಲ ತನಕ ಕರೆದುಕೊಂಡು ಹೋಗುತ್ತೇನೆ. ಒಳಗಿನ ಎಲ್‌ಇಡಿ ಬೆಳಕಿನಲ್ಲಿ ಒಂದು ಬಣ್ಣ, ಹೊರಗಿನ ಬಿಸಿಲಲ್ಲಿ ಇನ್ನೊಂದು. ಸೆಲ್ಫಿ ತೆಗೆದು ನೋಡುವವರಿಗೆ ಬ್ಯೂಟಿ ಮೋಡ್ ಆಫ್ ಮಾಡಿ ಅಂತೀನಿ. ಎಷ್ಟೋ ಜನರಿಗೆ ಅದು ಆನ್ ಇದೆ ಅಂತಲೇ ಗೊತ್ತಿರುವುದಿಲ್ಲ. ಒಬ್ಬರಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಬಾಗಿಲಲ್ಲಿ ನಿಲ್ಲಿಸಿದ ಗೊಂಬೆ ಈಗಲೂ ಬಿಳೀದೇ. ಕಂದು ಬಣ್ಣದ್ದು ತರಿಸಿ ಅಂತ ಮಾಲೀಕರಿಗೆ ಎರಡು ಸಲ ಹೇಳಿದ್ದೇನೆ, ಇನ್ನೂ ಬಂದಿಲ್ಲ. ಹೋದ ವಾರ ಕಾಲೇಜು ಹುಡುಗಿಯೊಬ್ಬಳು ಅದನ್ನೇ ನೋಡುತ್ತಾ, "ನನಗ ಹಿಂಗ ಕೂಡಂಗಿಲ್ಲ ಬಿಡ್ರಿ, ನನ್ನ ಸೊಂಟ ದಪ್ಪ" ಅಂದಳು. ನಾನು ಗೊಂಬೆಯ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದೆ. ಐದೂವರೆ ಮೀಟರ್ ಸೀರೆಯಲ್ಲಿ ಉಳಿದ ಬಟ್ಟೆಯನ್ನೆಲ್ಲ ಬೆನ್ನಿಗೆ ಮಡಚಿ ಒತ್ತಿದ್ದೆವು. ಅದರ ಮೇಲೆ ಏಳು ಕ್ಲಿಪ್ಪು. ಅವಳು ಬಗ್ಗಿ ಒಂದೊಂದನ್ನೇ ಎಣಿಸಿದಳು. ಆಮೇಲೆ ಚಪ್ಪಲಿ ಬಿಟ್ಟು ಗಾದಿ ಮೇಲೆ ಬಂದು ಕೂತು, "ಆ ಕೆಂಪಂದು ತೋರಸ್ರಿ" ಅಂದಳು.